4.10ರ ವಿಮಾನಕ್ಕೆ ರೂಮಿಲ್ಲ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಮಗಳನ್ನು ನೋಡಲು ಜರ್ಮನಿಗೆ ಹೋಗಿದ್ದೆವು. ಮೈಸೂರಿನವರಿಗೆ ವಿದೇಶ ಪ್ರಯಾಣ ದೇವನಹಳ್ಳಿಯಲ್ಲಿ ಶುರುವಾಗುವುದಿಲ್ಲ, ಹಿಂದಿನ ಸಂಜೆ ಫ್ಲೈಬಸ್ ಹತ್ತಿದಾಗಲೇ ಶುರು. ನಮ್ಮ ವಿಮಾನ ಬೆಳಗಿನ ಜಾವ 4.10ಕ್ಕೆ. ಬಸ್ಸು ಬಿಡದಿ ದಾಟುವಾಗ ಮೆಸೇಜ್ ಬಂತು, ಎರಡು ಗಂಟೆ ತಡ ಅಂತ. ಏರ್‌ಪೋರ್ಟಿಗೆ ಹೋದರೆ ಇನ್ನೂ ಎರಡು ಗಂಟೆ ಅಂದರು. ಕೊನೆಗೆ ಹೊರಟಿದ್ದು 11.30ಕ್ಕೆ. ನಮ್ಮ ಮನೆಯವರಿಗೆ ಮೊಣಕಾಲು ನೋವು, ರಾತ್ರಿಯಿಡೀ ಸೂಟ್‌ಕೇಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಕೊಟ್ಟ ಕೂಪನ್ನಿಗೆ ಸಿಕ್ಕಿದ್ದು ಒಂದು ಟೀ, ಒಂದು ತಣ್ಣಗಾದ ವೆಜ್ ಪಫ್.

ಕೌಂಟರಿನಲ್ಲಿ ರೂಮ್ ಕೇಳಿದೆ. ‘ರೂಲ್ಸ್‌ನಲ್ಲಿ ಇಲ್ಲ ಸರ್’ ಅಂದರು. ಆಮೇಲೆ ಹುಡುಕಿ ಓದಿದರೆ ನಿಜವೇ! ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್ ಕೊಡಬೇಕು, ಬೇರೆ ಹೊತ್ತಿನದಾದರೆ ತಡ 24 ಗಂಟೆ ದಾಟಬೇಕು ಅಂತ ಡಿಜಿಸಿಎ (ವಿಮಾನ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮ. ಒಂದು ಗಂಟೆ ಹತ್ತು ನಿಮಿಷದಲ್ಲಿ ನಮಗೆ ಹಾಸಿಗೆ ತಪ್ಪಿತು. 4 ಗಂಟೆಯ ವಿಮಾನಕ್ಕೆ ಮಂಡ್ಯ, ಮೈಸೂರಿನವರು ಮನೆಯಲ್ಲಿ ಮಲಗೆದ್ದು ಬರೋಕಾಗುತ್ತಾ? ದೇಶದೊಳಗಿನ ವಿಮಾನ 6 ಗಂಟೆಗಿಂತ ಜಾಸ್ತಿ ತಡ ಅಂತ ಗೊತ್ತಿದ್ದರೆ ಬೇರೆ ವಿಮಾನವನ್ನೋ ಪೂರ್ತಿ ದುಡ್ಡನ್ನೋ ಕೇಳಬಹುದು ಅಂತಲೂ ಅದರಲ್ಲೇ ಇದೆ. ಆದರೆ ಎರಡೆರಡು ಗಂಟೆ ಅಂತ ಎಳೆಯುತ್ತಾ ಹೋದರೆ ಕೇಳುವುದಾದರೂ ಯಾವಾಗ? ಇನ್ನು ಬರೀ ತಡವಾಗಿದ್ದಕ್ಕೆ ಪರಿಹಾರದ ದುಡ್ಡು ಅನ್ನುವುದು ಈ ನಿಯಮದಲ್ಲಿ ಇಲ್ಲವೇ ಇಲ್ಲ.

ವಾಪಸ್ ಬರುವಾಗ ಅದೇ ಕಂಪನಿ, ಯುರೋಪಿನದ್ದಲ್ಲ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಕೆಟ್ಟಿತು, ಮಧ್ಯದ ಕನೆಕ್ಷನ್ ತಪ್ಪಿತು, ಬೆಂಗಳೂರಿಗೆ 10 ಗಂಟೆ ತಡವಾಗಿ ಇಳಿದೆವು. ಮಗಳು ಸುಮ್ನೆ ಕೂರಲಿಲ್ಲ. ಯುರೋಪಿನ ಒಕ್ಕೂಟದ ಏರ್‌ಪೋರ್ಟಿನಿಂದ ಹೊರಟ ವಿಮಾನ ಯಾವ ದೇಶದ ಕಂಪನಿಯದ್ದಾದರೂ ಆ ಒಕ್ಕೂಟದ 2004ರ 261ನೇ ನಿಯಮಕ್ಕೆ ಬರುತ್ತದಂತೆ. 3,500 ಕಿ.ಮೀ. ಮೀರಿದ ಪ್ರಯಾಣ 4 ಗಂಟೆಗೂ ಜಾಸ್ತಿ ತಡವಾದರೆ ತಲೆಗೆ 600 ಯೂರೋ. ಎಲ್ಲಾ ಒಂದೇ ಟಿಕೆಟ್ಟಿನಲ್ಲಿ ಇದ್ದುದರಿಂದ ಬೆಂಗಳೂರು ತಲುಪಿದ ಹೊತ್ತೇ ಲೆಕ್ಕಕ್ಕೆ ಬಂತು (ನಾಲ್ಕು ಕಾಸು ಉಳಿಸಲು ಬೇರೆ ಬೇರೆ ಟಿಕೆಟ್ ತೆಗೆಯುವವರು ಇದನ್ನು ಗಮನಿಸಿ). ಕಂಪನಿ ಮೊದಲು ‘ತಾಂತ್ರಿಕ ದೋಷ, ನಮ್ಮ ಕೈಮೀರಿದ್ದು’ ಅಂತ ಬರೆಯಿತು. ಮಾಮೂಲಿ ಯಂತ್ರದೋಷ ಆ ನೆಪಕ್ಕೆ ಬರುವುದಿಲ್ಲ ಅಂತ ಯುರೋಪಿನ ಕೋರ್ಟ್ 2008ರಲ್ಲೇ ಹೇಳಿದೆ ಅಂತ ಮಗಳು ಉತ್ತರ ಕೊಟ್ಟಳು. ಎರಡು ತಿಂಗಳಲ್ಲಿ ದುಡ್ಡು ಬಂತು.

ಅದೇ ಕಂಪನಿ, ಅದೇ ಪ್ರಯಾಣಿಕರು. ಅಲ್ಲಿಂದ ಹೊರಟರೆ 1,200 ಯೂರೋ, ಇಲ್ಲಿಂದ ಹೊರಟರೆ ವೆಜ್ ಪಫ್!

ಇಲ್ಲಿ ದಾರಿಯೇ ಇಲ್ಲ ಅಂತಲ್ಲ. ವಿದೇಶ ವಿಮಾನ ಪ್ರಯಾಣದಲ್ಲಿ ಆದ ನಷ್ಟಕ್ಕೆ ಕಂಪನಿಯನ್ನು ಹೊಣೆ ಮಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲೇ ಸೇರಿದೆ. ತಡದಿಂದ ನಿಜವಾಗಿ ನಷ್ಟವಾಗಿದ್ದರೆ ಬಿಲ್ಲು ತೋರಿಸಿ ಎರಡು ವರ್ಷದೊಳಗೆ ಕೇಸು ಹಾಕಬಹುದು. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಾನು ಹೋಗಲಿಲ್ಲ, ಕೂಪನ್ನನ್ನೂ ಬೋರ್ಡಿಂಗ್ ಪಾಸನ್ನೂ ಎಲ್ಲೋ ಬಿಸಾಡಿದ್ದೆ. ತಪ್ಪು ನನ್ನದೇ.

ನಮ್ಮ ಸಂಸದರು ಡಿಜಿಸಿಎಗೆ ಎರಡು ಮಾತು ಬರೆದರೆ ಸಾಕು: ಆ 3 ಗಂಟೆಯನ್ನು 6 ಮಾಡಿ, ನಿಯಮಗಳನ್ನು ದೇವನಹಳ್ಳಿಯ ಪ್ರತಿ ಚೆಕ್‌ಇನ್ ಕೌಂಟರಿನಲ್ಲೂ ಕನ್ನಡದಲ್ಲಿ ಹಾಕಿಸಿ.

– ಒಬ್ಬ ನಿವೃತ್ತ ಮೇಷ್ಟ್ರು, ಸರಸ್ವತಿಪುರಂ, ಮೈಸೂರು