ಮಿಕ್ಸರ್ ಲಾರಿಗೆ ಪೈಪ್ ಬಿಡಬೇಡಿ

ಮಾನ್ಯರೆ,

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದೊಂದು ಕಲ್ಲು ಕ್ವಾರಿ ಇದೆ. ಅಪ್ಪ ಶುರು ಮಾಡಿದ್ದು. ಮೊದಲು ಬರೀ ಜಲ್ಲಿ, ಆಮೇಲೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಅದಾದ ಮೇಲೆ ಪಕ್ಕದಲ್ಲೇ ಕಾಂಕ್ರೀಟ್ ಕಲಸಿ ಲಾರಿಯಲ್ಲಿ ಕಳಿಸುವ ರೆಡಿಮಿಕ್ಸ್ ಪ್ಲಾಂಟ್. ಕ್ವಾರಿ ಅಣ್ಣನದು, ಪ್ಲಾಂಟ್ ನನ್ನದು. ಕಳೆದ ವರ್ಷ ಬ್ಯಾಂಕ್ ಸಾಲ ಮಾಡಿ ಹಳೇ ಪ್ಲಾಂಟ್‌ಗೆ ಹೊಸ ಕಂಟ್ರೋಲ್ ಪ್ಯಾನೆಲ್, ತೂಕ ಅಳೆಯುವ ಹೊಸ ಲೋಡ್ ಸೆಲ್, ಮರಳಿನ ಬಿನ್‌ಗೆ ತೇವ ಅಳೆಯುವ ಸೆನ್ಸರ್ ಹಾಕಿಸಿದೆವು. "ಹಾಗಾದ್ರೆ ರೇಟ್ ಜಾಸ್ತಿ ಮಾಡ್ತೀರಾ?" ಎಂದು ಎಲ್ಲರೂ ಕೇಳಿದರು. ಸೆನ್ಸರ್ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅದಕ್ಕೇ ಈ ಪತ್ರ.

ಅಪ್ಪನಿಗೂ ಅದು ದಂಡದ ಖರ್ಚು ಅನಿಸಿತ್ತು. ಅವರು ಒಂದು ಹಿಡಿ ಎಂ-ಸ್ಯಾಂಡ್ ಹಿಂಡಿ, ಅಂಗೈ ನೋಡಿ, "ಇವತ್ತು ನೀರು ಸ್ವಲ್ಪ ಕಮ್ಮಿ ಬಿಡ್ರೋ" ಎನ್ನುತ್ತಿದ್ದರು. ಬಿಸಿಲುಗಾಲದಲ್ಲಿ ಅವರ ಅಂದಾಜು ತಪ್ಪುತ್ತಿರಲಿಲ್ಲ. ಮಳೆ ಬಂತೆಂದರೆ ಕಷ್ಟ. ರಾಶಿಯ ಮೇಲೆ ಒಣಗಿರುತ್ತದೆ, ಬುಡ ತೊಯ್ದಿರುತ್ತದೆ. ಒಂದು ಕ್ಯೂಬಿಕ್ ಮೀಟರ್ ಕಾಂಕ್ರೀಟಿಗೆ 800 ಕೆ.ಜಿ. ಮರಳು ಅಂದುಕೊಳ್ಳಿ. ಅದರ ಮೈಮೇಲೆ ಶೇ 5ರಷ್ಟು ತೇವ ಇದ್ದರೂ 40 ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತದೆ. ಬೇಕಾಗಿರುವುದೇ ಒಟ್ಟು 170 ಲೀಟರ್ ಆಸುಪಾಸು! ಈಗ ಸೆನ್ಸರ್ ಪ್ರತಿ ಬ್ಯಾಚಿಗೂ ತೇವ ನೋಡಿ, ನಾವು ಹಾಕಬೇಕಾದ ನೀರಿನಲ್ಲಿ ಅಷ್ಟನ್ನು ಕಳೆಯುತ್ತದೆ. ಲಾರಿಗಳಿಗೂ ಹೊಸ ನಿಯಮ ಮಾಡಿದ್ದೇವೆ. ಲೋಡ್ ಮಾಡುವ ಮೊದಲು ಡ್ರಮ್ಮನ್ನು ಉಲ್ಟಾ ತಿರುಗಿಸಿ, ತೊಳೆದ ನೀರು ಪೂರ್ತಿ ಚೆಲ್ಲಬೇಕು.

ಇಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಏನಾಗುತ್ತದೆ ನೋಡಿ. ಯಲಹಂಕದ ಕಡೆ ಒಂದು ಮನೆಯ ತಾರಸಿಗೆ ಎಂ25 (ಬಲದ ದರ್ಜೆ) ಕಾಂಕ್ರೀಟ್, 6 ಕ್ಯೂಬಿಕ್ ಮೀಟರಿನ ಒಂದು ಲಾರಿ. ಟ್ರಾಫಿಕ್ಕಿನಲ್ಲಿ ತಡವಾಯಿತು, ಬಿಸಿಲಿಗೆ ಮಾಲು ಸ್ವಲ್ಪ ಬಿಗಿಯಾಗಿತ್ತು. ಡ್ರೈವರ್ ಫೋನ್ ಮಾಡಿದ: "ಅಕ್ಕಾ, ಮೇಸ್ತ್ರಿ ಬೋರ್‌ವೆಲ್ ಪೈಪ್ ಬಿಟ್ಟವ್ರೆ, ಏನ್ ಮಾಡ್ಲಿ?" ನಾನು ಬೇಡ ಅನ್ನುವಷ್ಟರಲ್ಲಿ ಸುಮಾರು 200 ಲೀಟರ್ ಹೋಗಿತ್ತು. ಅಂದರೆ ಕ್ಯೂಬಿಕ್ ಮೀಟರಿಗೆ 33 ಲೀಟರ್ ಹೆಚ್ಚು. ಸಿಮೆಂಟ್ ಅಷ್ಟೇ ಇದೆ, ನೀರು 170 ಇದ್ದದ್ದು 203 ಆಯಿತು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕಮ್ಮಿ. ಬಲ ಪರೀಕ್ಷೆಗೆ ಅದೇ ಮಾಲಿನಿಂದ ಪ್ಲಾಂಟಿನಲ್ಲಿ ಹಾಕಿಟ್ಟ ಕ್ಯೂಬ್ 28 ದಿನಕ್ಕೆ ಪಾಸಾಯಿತು, ಸೈಟಿನದು ಫೇಲ್. "ನೀವು ಸಿಮೆಂಟ್ ಕದ್ದಿದ್ದೀರಿ" ಎಂದರು ಮನೆಯವರು. ಏನೇನು ಎಷ್ಟು ಹಾಕಿದೆ ಎಂದು ಪ್ಯಾನೆಲ್ ಪ್ರಿಂಟ್ ಮಾಡುವ ಬ್ಯಾಚ್ ಚೀಟಿ ತೋರಿಸಿದರೆ, "ಕಂಪ್ಯೂಟರ್ ಸುಳ್ಳು ಹೇಳಲ್ವಾ?" ಎಂದರು. ಬಿಲ್ ಇನ್ನೂ ಬಾಕಿ ಇದೆ.

ಅವರ ಅನುಮಾನಕ್ಕೆ ನಮ್ಮ ಕಡೆಯಿಂದಲೂ ಕಾರಣ ಇದೆ, ಒಪ್ಪಿಕೊಳ್ಳುತ್ತೇನೆ. ಹಳೇ ಪ್ಯಾನೆಲ್ ಇದ್ದಾಗ ನಾವೂ ಕೈಯಲ್ಲಿ ಬರೆದ ಚೀಟಿಯನ್ನೇ ಕೊಡುತ್ತಿದ್ದೆವು. ಕೈಯಲ್ಲಿ ಏನು ಬೇಕಾದರೂ ಬರೆಯಬಹುದಲ್ವಾ?

ಮನೆ ಕಟ್ಟಿಸುವವರು ದಯವಿಟ್ಟು ಪ್ರಿಂಟ್ ಆದ ಬ್ಯಾಚ್ ಚೀಟಿ ಕೇಳಿ. ಯಾವ ಪ್ಲಾಂಟಿನವರಾದರೂ ಸರಿ. ಅದರಲ್ಲಿ ಲೋಡ್ ಮಾಡಿದ ಸಮಯ ನೋಡಿ. ಲೋಡ್ ಆದ 2 ಗಂಟೆಯೊಳಗೆ ಮಾಲು ಇಳಿಸಬೇಕು ಎಂದು ರೆಡಿಮಿಕ್ಸ್‌ಗೆ ಇರುವ ಭಾರತೀಯ ಮಾನಕ ಐಎಸ್ 4926 ಹೇಳುತ್ತದೆ. ಬೇಗ ಗಟ್ಟಿಯಾಗದಂತೆ ಕೆಮಿಕಲ್ ಹಾಕಿದ್ದರೆ ಮಾತ್ರ ಜಾಸ್ತಿ ಸಮಯ ಸಿಗುತ್ತದೆ. ಮಾಲು ಬಿಗಿ ಅನಿಸಿದರೆ ಪ್ಲಾಂಟಿಗೆ ಫೋನ್ ಮಾಡಿ, ನಮ್ಮವರೇ ಬಂದು ಅಳೆದು ಕೆಮಿಕಲ್ ಹಾಕಿ ಸಡಿಲ ಮಾಡುತ್ತಾರೆ. ಕ್ಯೂಬ್‌ಗಳನ್ನು ನಿಮ್ಮ ಕಣ್ಣೆದುರೇ ಹಾಕಿಸಿ. ನೀರು ಹಾಕಲೇಬೇಕು ಅಂತಿದ್ದರೆ ತಾರಸಿ ಗಟ್ಟಿಯಾದ ಮೇಲೆ ಹಾಕಿ, ಕಡೇಪಕ್ಷ 7 ದಿನ, ಹಾರುಬೂದಿ ಬೆರೆಸಿದ್ದರೆ 10 ದಿನ. ಡ್ರಮ್ಮಿಗೆ ಪೈಪ್ ಬಿಡುವ ಮೇಸ್ತ್ರಿಯೇ ಕ್ಯೂರಿಂಗ್ ಅಂದರೆ ಮೂರೇ ದಿನಕ್ಕೆ ಕೈ ತೊಳೆದುಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ನಮ್ಮ ಚೀಟಿಯ ಕೆಳಗೆ ಈಗ ಒಂದು ಸಾಲು ಸೇರಿಸಿದ್ದೇವೆ: ಸೈಟಿನಲ್ಲಿ ಹಾಕಿದ ನೀರು ಎಷ್ಟು, ಹಾಕಿಸಿದವರು ಯಾರು, ಸಹಿ. ಡ್ರೈವರ್ ಪೆನ್ನು ಮುಂದೆ ಹಿಡಿದರೆ ಮೇಸ್ತ್ರಿಗಳು ಪೈಪ್ ಕೆಳಗಿಡುತ್ತಾರೆ.

— ಕ್ವಾರಿ ಮಾಲೀಕರ ಮಗಳು, ಚಿಕ್ಕಬಳ್ಳಾಪುರ