ಮಕ್ಕಳ ನಾಟಕಕ್ಕೆ ಹೆಗಲು ಕೊಟ್ಟವರಿಗೆ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮಕ್ಕಳ ನಾಟಕ ಕಳೆದ ಭಾನುವಾರ ಅಂತೂ ಇಂತೂ ರಂಗಕ್ಕೇರಿತು. ಬಾಯೇ ಬಿಡದ ನಾಯಕನನ್ನು ಇಟ್ಟುಕೊಂಡು ಎಂಥ ನಾಟಕ ಎಂದು ಹುಬ್ಬೇರಿಸಿದವರೇ ಕೊನೆಗೆ ಕುರ್ಚಿ ಜೋಡಿಸಲು ಬಂದರು. ಮೊದಲ ನಮಸ್ಕಾರ ಅವರಿಗೇ.

ಕಥೆ ಅಮೆರಿಕದ ವೂಪಿಂಗ್ ಕ್ರೇನ್ ಹಕ್ಕಿಗಳದ್ದು. ಇವು ವಲಸೆಯ ದಾರಿಯನ್ನು ಹಿರಿಯ ಹಕ್ಕಿಗಳ ಬೆನ್ನು ಹಿಡಿದು ಕಲಿಯುತ್ತವೆ. ಸಾಕಿದ ಮರಿಗಳಿಗೆ ಹಿರಿಯರೆಲ್ಲಿ? ಅದಕ್ಕೇ, ಮರಿಗಳು ಮನುಷ್ಯರಿಗೆ ಒಗ್ಗಿಕೊಳ್ಳದಿರಲೆಂದು, ಸಾಕುವವರು ಮೈಮುಖ ಮುಚ್ಚುವ ಬಿಳಿ ನಿಲುವಂಗಿ ತೊಟ್ಟು, ಕೈಗೆ ಹಕ್ಕಿತಲೆಯ ಗೊಂಬೆ ಹಾಕಿಕೊಂಡು ಮರಿಗಳಿಗೆ ತಿನ್ನಿಸುತ್ತಿದ್ದರು. ಒಂದಕ್ಷರ ಮಾತಾಡುವಂತಿಲ್ಲ. ಮುಂದೆ ದಾರಿ ತೋರಲಿದ್ದ ವಿಮಾನದ ಎಂಜಿನ್ ಸದ್ದನ್ನು ಮೊಟ್ಟೆಯೊಳಗಿನ ಮರಿಗೂ ಕೇಳಿಸುತ್ತಿದ್ದರು. 2001ರಲ್ಲಿ ಪುಟ್ಟ ಅಲ್ಟ್ರಾಲೈಟ್ ವಿಮಾನ ಮುಂದೆ, ಹಕ್ಕಿಗಳು ಹಿಂದೆ. ವಿಸ್ಕಾನ್ಸಿನ್‌ನಿಂದ ಫ್ಲೋರಿಡಾದವರೆಗೆ ಸುಮಾರು 1,900 ಕಿ.ಮೀ. ಮರುವರ್ಷ ವಸಂತದಲ್ಲಿ, ಬದುಕುಳಿದ 5 ಹಕ್ಕಿಗಳು ವಿಮಾನದ ಹಂಗಿಲ್ಲದೆ ತಾವಾಗಿಯೇ ವಾಪಸ್ ಬಂದವು.

ನಮ್ಮಲ್ಲಿ ಜಟಾಪಟಿ ನಡೆದದ್ದು ಬಟ್ಟೆಗೆ. ಈ ಹಕ್ಕಿಯ ಮರಿ ದಾಲ್ಚಿನ್ನಿ ಬಣ್ಣದ್ದು, ಬೆಳೆದ ಮೇಲಷ್ಟೇ ಬಿಳಿ. ಆದರೆ ಯಾವ ತಾಯಿ ತಾನೇ ಮಗಳನ್ನು ಕಂದು ಬಟ್ಟೆಯಲ್ಲಿ ರಂಗಕ್ಕೆ ಕಳಿಸುತ್ತಾಳೆ, ಅದೂ ಫೋಟೋ ತೆಗೆಯುವ ದಿನ! ಸ್ಟೇಷನ್ ಹತ್ತಿರದ ಟೇಲರ್ ಕಾಕಾ ಕನ್ನಡ ಬಾರದಿದ್ದರೂ ನಮ್ಮ ಪಕ್ಷ ವಹಿಸಿದರು. ಹಳೇ ಪಂಚೆಗಳಿಂದ ನಿಲುವಂಗಿ ಹೊಲಿದು, ಬಲತೋಳನ್ನು ಮೊಣಕೈಯಿಂದಾಚೆ ಉದ್ದಕ್ಕೆ ಬಿಟ್ಟು, ಬೆರಳು ಆಡಿಸಿದರೆ ಕೊಕ್ಕು ತೆರೆಯುವಂತೆ ಮಾಡಿಕೊಟ್ಟರು. ಕೂಲಿಯಾಗಿ ಮುಂದಿನ ಸಾಲಿನ ಸೀಟು ಕೇಳಿದರು, ಅಷ್ಟೇ.

ಇನ್ನೊಬ್ಬರಿಗೆ ವಿಶೇಷವಾಗಿ ಋಣಿ. ಹಕ್ಕಿಗಳು ವಾಪಸಾಗುವಲ್ಲಿಗೇ ಪರದೆ ಎಳೆದುಬಿಡಿ ಎಂದು ಹಲವರು ಹೇಳಿದಾಗ, ನಮ್ಮ ಹಿರಿಯ ಮೇಡಂ ಒಬ್ಬರು ಖಡಾಖಂಡಿತ ಬೇಡವೆಂದರು. ದಾರಿ ಕಲಿತ ಹಕ್ಕಿಗಳು ಗೂಡು ಕಟ್ಟಿದವು, ಆದರೆ ಬದುಕಿ ದೊಡ್ಡದಾದ ಮರಿಗಳು ತೀರಾ ಕಡಿಮೆ. ಮನುಷ್ಯರ ಕೈವಾಡ ಅತಿಯಾಯಿತೆಂದು 2016ರಲ್ಲಿ ಅಲ್ಲಿನ ಸರ್ಕಾರವೇ ವಿಮಾನ ನಿಲ್ಲಿಸಲು ತೀರ್ಮಾನಿಸಿತು. ಮಕ್ಕಳಿಗೆ ಇದನ್ನೂ ಹೇಳಿ ಎಂದರು ಮೇಡಂ. ಹೇಳಿದೆವು. ಸಭೆಯಲ್ಲಿ ಹೆಚ್ಚು ಪ್ರಶ್ನೆ ಬಂದದ್ದು ಆ ದೃಶ್ಯಕ್ಕೇ. ಯುರೋಪಿನಲ್ಲಿ ಬೋಳುತಲೆ ಐಬಿಸ್ ಹಕ್ಕಿಗಳನ್ನು ಹಳದಿ ಅಂಗಿಯ ಸಾಕುತಾಯಂದಿರು ಮುಖ ಮುಚ್ಚಿಕೊಳ್ಳದೆಯೇ ಬೆಳೆಸಿ, 2023ರಿಂದ ಇಂಥದೇ ಪುಟ್ಟ ವಿಮಾನದ ಹಿಂದೆ ಸ್ಪೇನಿನತ್ತ ಕರೆದೊಯ್ಯುತ್ತಿರುವುದನ್ನು ಹೇಳುವಷ್ಟರಲ್ಲಿ ಹಾಲ್ ಖಾಲಿ ಮಾಡುವ ಹೊತ್ತಾಗಿತ್ತು.

ಉಪ್ಪಿಟ್ಟು, ಚಹಾ ಕಳಿಸಿದ ಹೋಟೆಲ್ ಅಣ್ಣನಿಗೂ ವಂದನೆ. ನಿಲುವಂಗಿಗಳನ್ನು ಒಗೆದಿಟ್ಟಿದ್ದೇವೆ, ಮುಂಬಯಿಯ ಯಾವ ಕನ್ನಡ ಶಾಲೆಗೆ ಬೇಕಾದರೂ ಕೊಡುತ್ತೇವೆ.