ಆಪರೇಷನ್ ಲೆಕ್ಕ ಸಾಕು, ಕಣ್ಣು ಕಂಡವರ ಲೆಕ್ಕ ಕೇಳಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಸಾಹೇಬರೇ, ಶರಣು.

ಜಿಲ್ಲೆಯ ಯೋಜನೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯವರು ಕಣ್ಣಿನ ಪೊರೆಯ ಆಪರೇಷನ್ ಎಷ್ಟಾಯಿತು ಅಂತ ಓದುತ್ತಾರೆ. ಗುರಿ ಇಷ್ಟು, ಸಾಧನೆ ಇಷ್ಟು. ಮುಂದಿನ ಸಲ ನೀವು ಒಂದೇ ಪ್ರಶ್ನೆ ಕೇಳಿ: ಅವರಲ್ಲಿ ಎಷ್ಟು ಜನರಿಗೆ ಈಗ ಚೆನ್ನಾಗಿ ಕಾಣುತ್ತಿದೆ?

ಪೊರೆ ತೆಗೆದು ಲೆನ್ಸ್ ಕೂರಿಸುವುದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ. ಆಮೇಲಿನದೇ ಉದ್ದ. ನಾಲ್ಕಾರು ವಾರ ಹನಿ ಹಾಕಬೇಕು, ತಪಾಸಣೆಗೆ ಹೋಗಬೇಕು, ಕಣ್ಣಿನ ಗಾಯ ಮಾಯ್ದ ಮೇಲೆ ನಂಬರ್ ನೋಡಿಸಿ ಕನ್ನಡಕ ತಗೋಬೇಕು. ಶಿಬಿರದ ಗಾಡಿ ಅಜ್ಜಿಯನ್ನು ಕರೆದೊಯ್ಯುತ್ತದೆ, ಕರಿ ಕನ್ನಡಕ ಹಾಕಿಸಿ ಊರಿಗೆ ಬಿಡುತ್ತದೆ. ಅಲ್ಲಿಗೆ ಮುಗಿಯಿತು.

ನಮ್ಮ ಸುರಪುರ, ಹುಣಸಗಿ ಕಡೆ ಮಗ, ಸೊಸೆ ಗುಳೆ ಹೋಗಿರುತ್ತಾರೆ. ಬೆಂಗಳೂರೋ ಮುಂಬೈಯೋ. ಮನೆಯಲ್ಲಿ ಉಳಿಯುವುದು ಮುದುಕರು, ಮಕ್ಕಳು. ಕೆಂಭಾವಿ ಹತ್ತಿರದ ಒಂದು ಮನೆಯಲ್ಲಿ ನಾನೇ ನೋಡಿದ್ದೇನೆ. ಅಜ್ಜಿಗೆ ಹನಿ ಹಾಕುವವಳು ಮೂರನೇ ಇಯತ್ತೆಯ ಮೊಮ್ಮಗಳು. ಬಿಸಿಯೂಟದ ಗಂಟೆ ಹೊಡೆದರೆ ಮನೆಗೆ ಓಡಿ ಬರುತ್ತಾಳೆ. ಒಂದು ಹನಿ ಕಣ್ಣಿಗೆ, ಎರಡು ಹನಿ ಕೆನ್ನೆಗೆ. ಮರುತಪಾಸಣೆಗೆ ಹೋಗಿದ್ರಾ ಅಂತ ಕೇಳಿದೆ. "ಯಾರ್ ಕರ್ಕೊಂಡ್ ಹೋಗ್ತಾರ್ರೀ? ಒಂದ್ ಕಣ್ಣು ಆಗ್ಯಾದಲ್ಲ, ಸಾಕ್ ಬಿಡ್ರಿ" ಅಂದರು ಅಜ್ಜಿ. 2023ರಿಂದ ಅವರಿಗೆ ಬಸ್ ಫ್ರೀ, ನಿಜ. ಜೊತೆಗೆ ಬರುವ ಗಂಡಾಳಿಗೆ ಟಿಕೆಟ್ ಬೇಕು, ಆ ದಿನದ ಕೂಲಿಯೂ ಹೋಯಿತು. ಆದರೆ ಇಲಾಖೆಯ ಪಟ್ಟಿಯಲ್ಲಿ ಈ ಅಜ್ಜಿ 'ಸಾಧನೆ'.

ನಾನು ಕೇಳುತ್ತಿರುವ ಲೆಕ್ಕ ಹೊಸದೇನಲ್ಲ. 2021ರ ವಿಶ್ವ ಆರೋಗ್ಯ ಸಭೆಯಲ್ಲಿ ದೇಶಗಳೆಲ್ಲ ಒಪ್ಪಿದ ಗುರಿ ಇದೇ. ಆಪರೇಷನ್ ಬೇಕಾದವರಲ್ಲಿ ಎಷ್ಟು ಜನಕ್ಕೆ ಆಯಿತು, ಆದ ಮೇಲೆ ಚೆನ್ನಾಗಿ ಕಂಡಿತಾ, ಎರಡನ್ನೂ ಸೇರಿಸಿ ಎಣಿಸಬೇಕು. ಆ ಪ್ರಮಾಣ 2030ರೊಳಗೆ ಶೇಕಡಾ 30 ಅಂಶದಷ್ಟು ಏರಬೇಕು. ಚೆನ್ನಾಗಿ ಅಂದರೆ 6/12 ಸಾಲು: ಒಳ್ಳೆ ಕಣ್ಣು 12 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದಾದರೂ ಓದಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ. (ಕಟ್ಟಡ ಅಂದರೆ ನಮ್ಮಲ್ಲಿ ಎಲ್ಲರಿಗೂ ಹುರುಪು ಜಾಸ್ತಿ.) ಹೋಬಳಿ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತೆಯ ದಿನ ಒಬ್ಬ ನೇತ್ರಾಧಿಕಾರಿ ಕೂತರೆ ಸಾಕು. ಸಂತೆಗೆ ಹೇಗೂ ಊರೂರಿಂದ ಟಂಟಂ ಬರುತ್ತವೆ. ಅಕ್ಕಪಕ್ಕದವರ ಜೊತೆ ಅಜ್ಜಿಯೂ ಹತ್ತುತ್ತಾರೆ.

ಅದೇ ಟೇಬಲ್ಲಿನಲ್ಲಿ ನಲವತ್ತು ದಾಟಿದವರ ಕಣ್ಣಿನ ಒತ್ತಡ ನೋಡಲಿ. ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಬಹಳ ಸಲ ನೋವೇ ಕೊಡುವುದಿಲ್ಲ, ಹೋದ ದೃಷ್ಟಿ ವಾಪಸ್ ಬರುವುದೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ತಪಾಸಣೆ ಆಗಲೇಬೇಕು. ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಬೇಕಾದ ಕನ್ನಡಕವನ್ನು ಜನ ಈಗ ಸಂತೆಯಲ್ಲೇ ಅಂದಾಜಿನ ಮೇಲೆ ಕೊಳ್ಳುತ್ತಾರೆ, ಇಲ್ಲೇ ನಂಬರ್ ನೋಡಿದರೆ ಅದೂ ತಪ್ಪುತ್ತದೆ. ಸರ್ಕಾರದ ಆಶಾಕಿರಣ ಯೋಜನೆ ಮನೆಬಾಗಿಲಲ್ಲೇ ತಪಾಸಣೆ, ಉಚಿತ ಕನ್ನಡಕ ಅನ್ನುತ್ತದಲ್ಲ, ಅದನ್ನೂ ಇದಕ್ಕೇ ಜೋಡಿಸಬಹುದು.

ಇನ್ನೊಂದು ಮಾತು. ತೊಗರಿ ಕೊಯ್ಯುವಾಗ ಕಡ್ಡಿ ಕಣ್ಣಿಗೆ ಚುಚ್ಚುತ್ತದೆ. ಜನ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣು ಕೆಂಪಾಗ್ಯಾದ" ಅಂತಾರೆ, ಯಾವುದೋ ಡ್ರಾಪ್ಸ್ ತರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಗಾಯಕ್ಕೆ ಬೂಷ್ಟು ಸೋಂಕು ತಗುಲಿದ್ದರೆ ಹುಣ್ಣು ಇನ್ನೂ ಕೆಡುತ್ತದೆ. ಕೊನೆಗೆ ಕಣ್ಣಲ್ಲಿ ಹೂ (ಬಿಳಿ ಕಲೆ) ಬೀಳುತ್ತದೆ, ದುಡಿಯುವ ವಯಸ್ಸಿನಲ್ಲೇ. ಇದು ಸಂತೆ ದಿನದವರೆಗೆ ಕಾಯುವಂಥದ್ದಲ್ಲ. ಚುಚ್ಚಿದ ದಿನವೇ ಯಾರಿಗೆ ಫೋನ್ ಮಾಡಬೇಕು ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರಬೇಕು. ಡಾಕ್ಟರ ಚೀಟಿ ಇಲ್ಲದೆ ಇಂಥ ಡ್ರಾಪ್ಸ್ ಕೊಡುವ ಅಂಗಡಿಗಳ ಮೇಲೂ ಕಣ್ಣಿಡಿ.

ಸಿಬ್ಬಂದಿ ಎಲ್ಲಿಂದ ಅಂತೀರಾ? ಖಾಲಿ ಹುದ್ದೆ ಇದ್ದರೆ ತುಂಬಿಸಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಇನ್ಯಾವಾಗ ನಮಗೆ ಕೆಲಸಕ್ಕೆ ಬರಬೇಕು? ಯಾದಗಿರಿಯಲ್ಲೇ ಈಗ ವೈದ್ಯಕೀಯ ಕಾಲೇಜಿದೆ, ಅಲ್ಲಿಂದಲೂ ಒಂದು ತಂಡ ಸರದಿಯ ಮೇಲೆ ಹೋಬಳಿಗೆ ಬರಲಿ.

ಕೆಂಭಾವಿ, ಕೊಡೇಕಲ್ ಎರಡರಲ್ಲಿ ಮೊದಲು ಶುರು ಮಾಡಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆ ತುಂಬಾ ದೂರ. ಈ ಸಲದ ತೊಗರಿ ಕೊಯ್ಲಿಗೆ ಮೊದಲೇ ಆದರೆ ಒಳ್ಳೆಯದು. ಕೆಡಿಪಿಯಲ್ಲಿ ನಿಮ್ಮ ಪ್ರಶ್ನೆಗೆ ಬಂದ ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ನಾವೂ ಓದುತ್ತೇವೆ.

ಇಂತಿ,
ಸುರಪುರ ತಾಲ್ಲೂಕಿನ ಒಬ್ಬ ಮತದಾರ